ಒಂದೇ ಫಾರಂ, ಮೂರು ಬಟನ್: ಪಿಎಚ್‌ಪಿಯಲ್ಲಿ ನಾನು ಮಾಡಿಕೊಂಡ ಏರ್ಪಾಡು

ಲೇಖನ ತಿದ್ದುವ ಪುಟದಲ್ಲಿ ಮೂರು ಬಟನ್ ಬೇಕಿತ್ತು: ‘ಉಳಿಸಿ’, ‘ಮುನ್ನೋಟ’, ‘ಅಳಿಸಿ’. ಫಾರಂ ಒಂದೇ, ಅದು ಹೋಗಿ ಸೇರುವ ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಭಾಷೆ) ಫೈಲೂ ಒಂದೇ. ಬಳಕೆದಾರರು ಒತ್ತಿದ ಬಟನ್ನಿನ ನೇಮ್ (ಹೆಸರು) ಮತ್ತು ವ್ಯಾಲ್ಯೂವನ್ನು (ಮೌಲ್ಯ) ಮಾತ್ರ ಬ್ರೌಸರ್ ಕಳಿಸುತ್ತದೆ. ಮಿಕ್ಕೆರಡರ ಸುಳಿವೂ ಪೋಸ್ಟ್‌ನಲ್ಲಿ, ಅಂದರೆ ಸರ್ವರ್‌ಗೆ ಹೋಗುವ ಫಾರಂ ಮಾಹಿತಿಯಲ್ಲಿ, ಇರುವುದಿಲ್ಲ.

ಮೊದಲು ಬಟನ್‌ಗಳಿಗೆ ಎಚ್‌ಟಿಎಂಎಲ್‌ನ ಇನ್‌ಪುಟ್ ಟ್ಯಾಗ್ ಬಳಸಿ, ವ್ಯಾಲ್ಯೂ ‘ಮುನ್ನೋಟ’ ಆಗಿದೆಯೇ ಎಂದು ಹೋಲಿಸುತ್ತಿದ್ದೆ. ಅಲ್ಲಿ ವ್ಯಾಲ್ಯೂ ಅಂದರೆ ಬಟನ್ ಮೇಲೆ ಕಾಣುವ ಬರಹವೇ. ಅದನ್ನು ತಿದ್ದಿದರೆ ಹೋಲಿಕೆ ತಪ್ಪುತ್ತದೆ. ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ‘ನೋ’ದಲ್ಲಿನ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳು ಬೇರೆ, ಹೋಲಿಕೆ ಸುಳ್ಳೆನ್ನುತ್ತದೆ. ಆದ್ದರಿಂದ ಬಟನ್ ಟ್ಯಾಗ್‌ಗೆ ಬಂದೆ. ಮೂರಕ್ಕೂ ನೇಮ್ ‘ಆಕ್ಷನ್’, ವ್ಯಾಲ್ಯೂ ಮಾತ್ರ ಸೇವ್, ಪ್ರಿವ್ಯೂ, ಡಿಲೀಟ್. ಮೇಲಿನ ಬರಹ ಇನ್ನು ಹೇಗೆ ಬದಲಾದರೂ ಸ್ಕ್ರಿಪ್ಟ್ ಮುಟ್ಟಬೇಕಿಲ್ಲ. ನೇಮ್ ಆಗಿ ‘ಸಬ್ಮಿಟ್’ ಎಂದು ಮಾತ್ರ ಇಡಬೇಡಿ, ಅದು ಜಾವಾಸ್ಕ್ರಿಪ್ಟ್‌ನಲ್ಲಿ ಫಾರಂನ ಸಬ್ಮಿಟ್ ಫಂಕ್ಷನ್ನನ್ನೇ ಮರೆಮಾಡಿಬಿಡುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಎಂಟರ್ ಕೀ. ಶೀರ್ಷಿಕೆಯ ಪೆಟ್ಟಿಗೆಯಲ್ಲಿ ಎಂಟರ್ ಒತ್ತಿದರೆ ಎಚ್‌ಟಿಎಂಎಲ್ ಕ್ರಮದಲ್ಲಿ ಮೊದಲು ಬರುವ ಸಬ್ಮಿಟ್ ಬಟನ್ ಒತ್ತಿದಂತೆ. ‘ಅಳಿಸಿ’ ಮೊದಲಿದ್ದರೆ ಲೇಖನವೇ ಹೋಯಿತು. ‘ಉಳಿಸಿ’ಯನ್ನೇ ಮೊದಲು ಬರೆದು, ಪರದೆಯ ಮೇಲಿನ ಜಾಗವನ್ನು ಸಿಎಸ್‌ಎಸ್‌ಗೆ (ಪುಟದ ಅಂದ, ಜೋಡಣೆ ಹೇಳುವ ಭಾಷೆ) ಬಿಟ್ಟೆ. ‘ಅಳಿಸಿ’ಗೆ ಫಾರಂನೋವ್ಯಾಲಿಡೇಟ್ (ಪೆಟ್ಟಿಗೆಗಳ ತಪಾಸಣೆ ಬೇಡವೆನ್ನುವ ಗುರುತು) ಕೊಟ್ಟೆ; ಇಲ್ಲವಾದರೆ ಕಡ್ಡಾಯದ ಪೆಟ್ಟಿಗೆ ಖಾಲಿಯಿದ್ದಾಗ ಅಳಿಸುವುದಕ್ಕೂ ಬ್ರೌಸರ್ ಬಿಡುವುದಿಲ್ಲ.

ಸರ್ವರ್‌ನಲ್ಲಿ ಆಕ್ಷನ್ನನ್ನು ಪಿಎಚ್‌ಪಿ 8ರ ಮ್ಯಾಚ್‌ಗೆ (ವ್ಯಾಲ್ಯೂ ನೋಡಿ ದಾರಿ ಆರಿಸುವ ರಚನೆ) ಕೊಟ್ಟು, ಮೂರರಲ್ಲಿ ಯಾವುದೂ ಅಲ್ಲದಿದ್ದರೆ ‘ಕೋರಿಕೆಯೇ ತಪ್ಪು’ ಎನ್ನುವ 400 ಸಂಕೇತ ಕಳಿಸುತ್ತೇನೆ. ಇಫ್-ಎಲ್ಸ್ ಬರೆದರೂ ಕೊನೆಯ ‘ಎಲ್ಸ್’ನಲ್ಲಿ (ಯಾವುದೂ ಹೊಂದದಾಗಿನ ಕವಲು) ಅಳಿಸುವ ಕೆಲಸ ಇಡಲೇಬಾರದು, ಏಕೆಂದರೆ ಆಕ್ಷನ್ ಇಲ್ಲದೆ ಫಾರಂ ಬರುವುದುಂಟು. ಎರಡು ಸಲ ಒತ್ತದಿರಲೆಂದು ಒತ್ತಿದ ಕೂಡಲೇ ಬಟನ್ನನ್ನು ಡಿಸೇಬಲ್ ಮಾಡಿದರೆ ಅದರ ವ್ಯಾಲ್ಯೂ ಹೋಗುವುದಿಲ್ಲ. ಕೆಲಸವನ್ನು ತುಸು ಮುಂದೂಡುವ ಜಾವಾಸ್ಕ್ರಿಪ್ಟ್‌ನ ಸೆಟ್‌ಟೈಮ್‌ಔಟ್‌ಗೆ 0 ಕೊಟ್ಟು ಆಮೇಲೆ ಡಿಸೇಬಲ್ ಮಾಡಬೇಕು. ಜಾವಾಸ್ಕ್ರಿಪ್ಟ್‌ನಿಂದ ಸಬ್ಮಿಟ್ ಕರೆದರೂ ಬಟನ್ ಜೊತೆಗೆ ಹೋಗದು. ರಿಕ್ವೆಸ್ಟ್‌ಸಬ್ಮಿಟ್‌ಗೆ ಬಟನ್ನನ್ನೇ ಕೊಟ್ಟು ಕರೆಯಿರಿ. ಉದ್ದದ ಪಟ್ಟಿಗಳಿರುವ ಫಾರಂಗಳಲ್ಲಿ ಮ್ಯಾಕ್ಸ್ ಇನ್‌ಪುಟ್ ವಾರ್ಸ್ (ಪಿಎಚ್‌ಪಿ ಎಷ್ಟು ವ್ಯಾಲ್ಯೂ ಸ್ವೀಕರಿಸಬೇಕೆಂಬ ಸೆಟ್ಟಿಂಗ್) ಅಡ್ಡ ಬರುತ್ತದೆ. ಅದರ ಮಿತಿ ಸಾಮಾನ್ಯವಾಗಿ 1000. ಅದಕ್ಕೂ ಮೇಲಿನದನ್ನು ಪಿಎಚ್‌ಪಿ ಕೈಬಿಡುತ್ತದೆ, ಬಟನ್ ಇರುವುದು ಫಾರಂನ ತುದಿಯಲ್ಲಾದ್ದರಿಂದ ಅದೇ ಕಳೆದುಹೋಗುತ್ತದೆ.

‘ಅಳಿಸಿ’ ಬಟನ್ ತೋರಿಸದಿದ್ದ ಮಾತ್ರಕ್ಕೆ ಅಳಿಸಲಾಗದು ಎಂದುಕೊಳ್ಳಬೇಡಿ. ಪೋಸ್ಟನ್ನು ಯಾರು ಬೇಕಾದರೂ ಕೈಯಾರೆ ಕಟ್ಟಿ ಕಳಿಸಬಹುದು. ಅನುಮತಿಯನ್ನೂ ಸಿಎಸ್‌ಆರ್‌ಎಫ್ ಟೋಕನ್ನನ್ನೂ (ಫಾರಂ ನಮ್ಮ ಪುಟದಿಂದಲೇ ಬಂತೆಂದು ತೋರಿಸುವ ಗುಟ್ಟಿನ ಗುರುತು) ಪ್ರತಿ ಆಕ್ಷನ್‌ಗೂ ಮುಂಚೆ ನೋಡುತ್ತೇನೆ. ಉಳಿಸಿದ ಅಥವಾ ಅಳಿಸಿದ ಮೇಲೆ 303 ರೀಡೈರೆಕ್ಟ್, ಅಂದರೆ ಬ್ರೌಸರನ್ನು ಬೇರೆ ಪುಟಕ್ಕೆ ಕಳಿಸುವ ಉತ್ತರ. ಪುಟ ರಿಫ್ರೆಶ್ ಮಾಡಿದರೂ ಅದೇ ಕೆಲಸ ಮತ್ತೊಮ್ಮೆ ಆಗದು.