ಒಂದು ಏಕೆ ಅವಿಭಾಜ್ಯವಲ್ಲ? ಮಕ್ಕಳಿಗೆ ಹೀಗೆ ತೋರಿಸಿ

"ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ" ಎಂದು ಹೇಳಿಕೊಡುತ್ತೇವೆ. ಮಗು ಒಂದರ ಮೇಲೆ ಬೆರಳಿಟ್ಟು "ಇದೂ ಹಾಗೆಯೇ ಇದೆಯಲ್ಲ?" ಎಂದು ಕೇಳುತ್ತದೆ. "ಒಂದನ್ನು ಬಿಟ್ಟು" ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತೇವೆ. ಆದರೆ ಮಗು ಕೇಳಿದ್ದು ನ್ಯಾಯವಾಗಿಯೇ ಇದೆ. ಸಡಿಲವಾಗಿರುವುದು ನಾವು ಕೊಟ್ಟ ವ್ಯಾಖ್ಯೆ. ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ಅದನ್ನು ಬಿಗಿ ಮಾಡಬಹುದು.

ಮೊದಲು 1ರಿಂದ 20ರವರೆಗೆ ಬರೆದು, ಪ್ರತಿಯೊಂದರ ಪಕ್ಕದಲ್ಲಿ ಅದರ ಅಪವರ್ತನಗಳನ್ನು, ಅಂದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು, ಬರೆಸಿ. 6ಕ್ಕೆ 1, 2, 3, 6. 7ಕ್ಕೆ 1, 7. 9ಕ್ಕೆ 1, 3, 9. ಎಷ್ಟು ಅಪವರ್ತನಗಳಿವೆ ಎಂದು ಎಣಿಸಿದರೆ ಸಂಖ್ಯೆಗಳು ತಾವಾಗಿಯೇ ಮೂರು ಗುಂಪಾಗುತ್ತವೆ. ಸರಿಯಾಗಿ ಎರಡು ಅಪವರ್ತನಗಳಿರುವುದು 2, 3, 5, 7, 11, 13, 17, 19: ಇವು ಅವಿಭಾಜ್ಯ. ಎರಡಕ್ಕಿಂತ ಹೆಚ್ಚಿದ್ದರೆ ಸಂಯುಕ್ತ. ಒಂದೇ ಒಂದು ಅಪವರ್ತನ ಇರುವುದು 1ಕ್ಕೆ ಮಾತ್ರ. ಆದ್ದರಿಂದ "ಸರಿಯಾಗಿ ಎರಡು ಅಪವರ್ತನಗಳಿರುವ ಸ್ವಾಭಾವಿಕ ಸಂಖ್ಯೆ" ಎಂದು ಹೇಳಿ. "ಒಂದನ್ನು ಬಿಟ್ಟು" ಎಂಬ ಬಾಲಂಗೋಚಿ ಬೇಕಾಗುವುದಿಲ್ಲ.

ಚುರುಕಾದ ಮಗು ಇಲ್ಲಿಗೆ ನಿಲ್ಲುವುದಿಲ್ಲ. ಎರಡೇ ಏಕೆ, ಎಂದು ಕೇಳುತ್ತದೆ. ಕೇಳದಿದ್ದರೆ ನೀವೇ ಕೇಳಿ, ಏಕೆಂದರೆ ನಿಜವಾದ ಕಾರಣ ಇರುವುದು ಇದರ ಆಚೆಗೆ.

ಎರಡನೆಯ ಹೆಜ್ಜೆಯಾಗಿ ಎರಟೋಸ್ತನೀಸ್‌ನ ಜರಡಿಯನ್ನು ಆಡಿಸಿ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಗ್ರೀಕ್ ವಿದ್ವಾಂಸ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಮುಖ್ಯಸ್ಥನಾಗಿದ್ದ. 1ರಿಂದ 100ರವರೆಗೆ ಬರೆಯಿರಿ. ಅವಿಭಾಜ್ಯವೊಂದನ್ನು ಸುತ್ತು ಹಾಕಿ ಉಳಿಸಿಕೊಳ್ಳಬೇಕು, ಅದರ ಮುಂದಿನ ಅಪವರ್ತ್ಯಗಳನ್ನೆಲ್ಲ (2ಕ್ಕೆ 4, 6, 8 ಹೀಗೆ ಅದರ ಮಗ್ಗಿಯಲ್ಲಿ ಬರುವವನ್ನು) ಹೊಡೆದುಹಾಕಬೇಕು. 1ನ್ನು ಬದಿಗಿಟ್ಟು, 2ರಿಂದ ಶುರುಮಾಡಿ 3, 5, 7 ಮುಗಿಸಿದರೆ ಸಾಕು, 25 ಅವಿಭಾಜ್ಯಗಳು ಉಳಿಯುತ್ತವೆ. ನೋಡಲು ಅವಿಭಾಜ್ಯದಂತಿರುವ 91 ಕೂಡ 7ರ ಸರದಿಯಲ್ಲಿ ಸಿಕ್ಕಿಬೀಳುತ್ತದೆ: 7 × 13. ಈಗ ಇನ್ನೊಂದು ಹಾಳೆಯಲ್ಲಿ 1ನ್ನೂ ಅವಿಭಾಜ್ಯವೆಂದು ಸುತ್ತು ಹಾಕಿ ಅದೇ ಆಟ ಆಡಿ. ಎಲ್ಲ ಸಂಖ್ಯೆಗಳೂ 1ರ ಅಪವರ್ತ್ಯಗಳೇ. ಮೊದಲ ಸುತ್ತಿನಲ್ಲೇ ಹಾಳೆ ಖಾಲಿ.

ಮೂರನೆಯದು ನನಗೆ ಬಹಳ ಇಷ್ಟವಾದ ಹೆಜ್ಜೆ. 360ನ್ನು ಅವಿಭಾಜ್ಯಗಳಾಗಿ ಒಡೆಯಿರಿ: 2 × 2 × 2 × 3 × 3 × 5. ನೀವು 36 × 10 ಎಂದು ಶುರುಮಾಡಿ, ಮಗು 8 × 45 ಎಂದು ಶುರುಮಾಡಲಿ. ಕೊನೆಗೆ ಇಬ್ಬರ ಕೈಗೂ ಬರುವುದು ಇದೇ ಆರು ಸಂಖ್ಯೆಗಳು. ಒಂದಕ್ಕಿಂತ ದೊಡ್ಡದಾದ ಪ್ರತಿ ಸಂಖ್ಯೆಗೂ ಹೀಗೆ ಒಂದೇ ಒಡಪು, ಅಂದರೆ ಅವಿಭಾಜ್ಯಗಳಾಗಿ ಒಡೆಯುವ ಒಂದೇ ರೀತಿ, ಇರುತ್ತದೆ. ಇದೇ ಅಂಕಗಣಿತದ ಮೂಲಭೂತ ಪ್ರಮೇಯ. ಜರ್ಮನ್ ಗಣಿತಜ್ಞ ಗೌಸ್ 1801ರಲ್ಲಿ ಇದನ್ನು ಸ್ಪಷ್ಟವಾಗಿ ನಿರೂಪಿಸಿ ಸಾಧಿಸಿದರು. ಇದರ ಬಲದಿಂದಲೇ 360ರ ಅಪವರ್ತನಗಳನ್ನು ಒಂದೊಂದಾಗಿ ಹುಡುಕದೆ ಎಣಿಸಬಹುದು. ಅಪವರ್ತನವೊಂದರಲ್ಲಿ 2 ಎಂಬುದು ಸೊನ್ನೆಯಿಂದ ಮೂರು ಸಲದವರೆಗೆ ಬರಬಹುದು, ನಾಲ್ಕು ಬಗೆ, 3ಕ್ಕೆ ಮೂರು ಬಗೆ, 5ಕ್ಕೆ ಎರಡು. 4 × 3 × 2 = 24. ಪಟ್ಟಿ ಮಾಡಿ ನೋಡಿ, 24 ಅಪವರ್ತನಗಳೇ ಸಿಗುತ್ತವೆ.

1ನ್ನು ಒಳಗೆ ಬಿಟ್ಟುಕೊಂಡರೆ? 360ರ ಒಡಪಿನಲ್ಲಿ ಅದನ್ನು ಒಮ್ಮೆ ಸೇರಿಸಿದರೂ ಸರಿ, ನೂರು ಸಲ ಸೇರಿಸಿದರೂ ಸರಿ. ಒಂದೇ ಒಡಪು ಎಂಬ ಮಾತು ಅಲ್ಲಿಗೆ ಬಿತ್ತು. ಈ ಎಣಿಕೆಯೂ ಅದರ ಜೊತೆಗೇ ಬಿತ್ತು.

ಹಾಗೆಂದು 1ನ್ನು ಅವಿಭಾಜ್ಯವೆಂದವರು ಸಾಮಾನ್ಯರೇನಲ್ಲ. 1742ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಬರೆದ ಪತ್ರದಲ್ಲಿ, 2ಕ್ಕಿಂತ ದೊಡ್ಡದಾದ ಪ್ರತಿ ಸಂಖ್ಯೆಯೂ ಮೂರು ಅವಿಭಾಜ್ಯಗಳ ಮೊತ್ತವೆಂದು ಊಹಿಸಿದ್ದು 1ನ್ನೂ ಸೇರಿಸಿಕೊಂಡೇ: 3 = 1 + 1 + 1. ಅಮೆರಿಕದ ಗಣಿತಜ್ಞ ಲೆಹ್ಮರ್ 1914ರಲ್ಲಿ ಪ್ರಕಟಿಸಿದ ದೊಡ್ಡ ಅವಿಭಾಜ್ಯ ಪಟ್ಟಿ ಶುರುವಾಗುವುದೂ 1ರಿಂದ. ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ ಅವರ ಪಠ್ಯಪುಸ್ತಕದ ಆರಂಭದ ಆವೃತ್ತಿಗಳಲ್ಲೂ ಅದು ಅವಿಭಾಜ್ಯಗಳ ಸಾಲಿನಲ್ಲಿತ್ತು. ಯಾರೂ ಲೆಕ್ಕ ತಪ್ಪಿದ್ದಲ್ಲ. ಆದರೆ ಆ ಪದ್ಧತಿಯಲ್ಲಿ ಪ್ರಮೇಯದ ಮೇಲೆ ಪ್ರಮೇಯಕ್ಕೆ "ಒಂದನ್ನು ಬಿಟ್ಟು" ಎಂದು ಸೇರಿಸುತ್ತಲೇ ಹೋಗಬೇಕು. ವ್ಯಾಖ್ಯೆಯಲ್ಲೇ ಒಮ್ಮೆ ಬಿಟ್ಟುಬಿಟ್ಟರೆ ಮುಂದಿನದೆಲ್ಲ ಹಗುರ.

ಕೊನೆಗೆ ಮಗು ಕೇಳುವುದು: ಅವಿಭಾಜ್ಯವೂ ಅಲ್ಲ, ಸಂಯುಕ್ತವೂ ಅಲ್ಲ ಎಂದಾದರೆ 1ನ್ನು ಎಲ್ಲಿಡುವುದು? 360ಕ್ಕೆ ಮಾಡಿದ್ದನ್ನೇ ಮಾಡಿಸಿ. 1ರ ಒಡಪಿನಲ್ಲಿ 2 ಸೊನ್ನೆ ಸಲ, 3 ಸೊನ್ನೆ ಸಲ, 5 ಸೊನ್ನೆ ಸಲ. ಯಾವ ಅವಿಭಾಜ್ಯವನ್ನೂ ಗುಣಿಸುವ ಮೊದಲು ಕೈಯಲ್ಲಿರುವ ಸಂಖ್ಯೆ ಅದು. ಪ್ರತಿಯೊಂದಕ್ಕೂ ಇರುವುದು ಒಂದೇ ಬಗೆ, ಬಾರದಿರುವುದು. ಗುಣಿಸಿದರೆ 1 × 1 × 1 = 1; ಅದಕ್ಕಿರುವ ಅಪವರ್ತನವೂ ಒಂದೇ.