ನಾಯಿ, ಬೆಕ್ಕಿನ ರಕ್ತ ಗಟ್ಟಿಯೋ, ತೆಳುವೋ? ಒಸಡು ನೋಡಿ

ನಮ್ಮ ನಾಯಿ ಎರಡು ದಿನ ಅನ್ನ ಮುಟ್ಟಲಿಲ್ಲ. ಬಿಸಿಲಿಗೆ ಸುಸ್ತಾಗಿದೆ ಅಂದುಕೊಂಡು ಸುಮ್ನಿದ್ದೆವು. ಡಾಕ್ಟರು ತುಟಿ ಎತ್ತಿ ತೋರಿಸಿದಾಗ ಒಸಡು ಸುಣ್ಣದಂತೆ ಬಿಳಿಚಿಕೊಂಡಿತ್ತು. ಉಣ್ಣಿಯಿಂದ ಬಂದ ಟಿಕ್ ಫೀವರ್. ಅಂದಿನಿಂದ ವಾರಕ್ಕೊಮ್ಮೆ ಒಸಡು ನೋಡುವುದನ್ನು ತಪ್ಪಿಸಿಲ್ಲ.

ಮೊದಲು, ಪ್ರಾಣಿ ಆರಾಮಾಗಿರುವಾಗಲೇ ಒಸಡಿನ ಬಣ್ಣ ನೋಡಿಟ್ಟುಕೊಳ್ಳಿ. ತಿಳಿ ಗುಲಾಬಿ ಇರಬೇಕು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಆಗ ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ.

ಆಮೇಲೆ ಕೋರೆಹಲ್ಲಿನ ಮೇಲಿನ ಒಸಡನ್ನು ಬೆರಳಿಂದ ಒತ್ತಿ ಬಿಡಿ. ಬೆಳ್ಳಗಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒಸಡು ಅಂಟಂಟಾಗಿದ್ದರೆ, ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟಾಗ ನಿಧಾನಕ್ಕೆ ಕೂತರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ.

ಡಾಕ್ಟರು ರಕ್ತಪರೀಕ್ಷೆ ಮಾಡಿಸಿದರೆ ಆ ರಿಪೋರ್ಟಿನಲ್ಲಿ 'ಪಿಸಿವಿ' ಹುಡುಕಿ. ತೀರಾ ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತ ತುಂಬಿ, ಯಂತ್ರದಲ್ಲಿ ಗಿರಗಿರ ತಿರುಗಿಸುತ್ತಾರೆ. ಕೆಂಪು ಕಣ ಕೆಳಗೆ ಕೂರುತ್ತದೆ, ತಿಳಿ ಮೇಲೆ ನಿಲ್ಲುತ್ತದೆ. ಕೊಳವೆಯಲ್ಲಿ ಕೆಂಪಿನ ಪಾಲು ಶೇಕಡ ಎಷ್ಟು ಅನ್ನುವುದೇ ಪಿಸಿವಿ. ನಾಯಿಗೆ ಸುಮಾರು 37ರಿಂದ 55, ಬೆಕ್ಕಿಗೆ ಸುಮಾರು 30ರಿಂದ 45 ಇದ್ದರೆ ಸರಿ. ಅದಕ್ಕಿಂತ ಕಡಿಮೆಯಿದ್ದರೆ ರಕ್ತ ತೆಳು, ಅಂದರೆ ರಕ್ತಹೀನತೆ; ಹೆಚ್ಚಿದ್ದರೆ ಗಟ್ಟಿ. ಲ್ಯಾಬಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ.

ಇಲ್ಲೇ ಜಾಸ್ತಿ ಜನ ಎಡವುವುದು. ವಾಂತಿ, ಭೇದಿಯಾಗಿ ನೀರು ಹೋದರೆ ತಿಳಿ ಕಡಿಮೆಯಾಗಿ ಪಿಸಿವಿ ಏರುತ್ತದೆ. ರಕ್ತಹೀನತೆ ಇರುವ ನಾಯಿಗೂ ಆಗ ನಂಬರ್ ಸರಿಯಾಗಿಯೇ ಕಾಣಬಹುದು. ಡ್ರಿಪ್ ಹಾಕಿದ ಮೇಲೆ ನಿಜ ಹೊರಬೀಳುತ್ತದೆ. ಅದಕ್ಕೇ ಡಾಕ್ಟರು ಪ್ರೋಟೀನ್ ಅಂಶವನ್ನೂ ಜೊತೆಗೆ ನೋಡುವುದು. ಮರುದಿನ ಮತ್ತೆ ರಕ್ತ ತೆಗೆದರೆ ಬೇಸರ ಮಾಡಿಕೊಳ್ಳಬೇಡಿ.

ನೀರು ಕಡಿಮೆಯಾಗಿ ಗಟ್ಟಿಯಾದ ರಕ್ತಕ್ಕೆ ಬೇಕಿರುವುದು ನೀರು. ಮನುಷ್ಯರ ರಕ್ತ ತೆಳು ಮಾಡುವ ಮಾತ್ರೆ ಕೊಡಲೇಬೇಡಿ. ಪ್ಯಾರಸಿಟಮಾಲ್ ಅಂತೂ ಬೆಕ್ಕಿನ ಪ್ರಾಣ ತೆಗೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿ, ಬೆಕ್ಕು ಎರಡರ ಕೆಂಪು ಕಣಗಳನ್ನೂ ಒಡೆಯುತ್ತವೆ. ಹಾಗಾಗಿ ಸಾರನ್ನ ಕಲಸಿ ಹಾಕುವ ಅಭ್ಯಾಸ ಬಿಡಿ.

ದಿನಾ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯಾ ಅಂತ ತಡವಿ ನೋಡಿ. ಒಸಡು ಬಿಳಿಚಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ.