ಕೋಕ್ ಓವನ್ ಬಾಗಿಲುಗಳ ಹೊಗೆಯನ್ನು ತಗ್ಗಿಸಿದ ಬಗೆ: ನನ್ನ ಅನುಭವ

ಉಕ್ಕಿನ ಕಾರ್ಖಾನೆಯ ವಾಯುಮಾಲಿನ್ಯ ಎಂದೊಡನೆ ಎಲ್ಲರ ದೃಷ್ಟಿ ಚಿಮಣಿಯತ್ತ ಹರಿಯುತ್ತದೆ. ಕಲ್ಲಿದ್ದಲನ್ನು ಬೇಯಿಸಿ ಕೋಕ್ ಎಂಬ ಗಟ್ಟಿ ಇಂಧನ ತಯಾರಿಸುವ ಕೋಕ್ ಓವನ್ ವಿಭಾಗದ ನಿರ್ವಹಣೆ ನೋಡಿಕೊಳ್ಳುತ್ತಿದ್ದ ನನಗೆ ಹೆಚ್ಚು ಚಿಂತೆ ತಂದದ್ದು ಓವನ್ ಬಾಗಿಲಿನ ಸಂದಿಯಿಂದ ನುಸುಳುವ ಹಳದಿ-ಕಂದು ಹೊಗೆ. ಕಲ್ಲಿದ್ದಲನ್ನು ಗಾಳಿ ತಾಗದಂತೆ 1000 ಡಿಗ್ರಿ ಸೆಲ್ಸಿಯಸ್‌ ಮೀರಿದ ಶಾಖದಲ್ಲಿ ಬೇಯಿಸುವಾಗ ಹೊರಡುವ ಅನಿಲದಲ್ಲಿ ಬೆಂಜೀನ್, ಬೆಂಜೊಪೈರೀನ್‌ನಂತಹ ಕ್ಯಾನ್ಸರ್‌ಕಾರಕಗಳಿರುತ್ತವೆ. ಬಾಗಿಲಿನಿಂದ ಸೋರುವ ಈ ಹೊಗೆ ಯಾವ ಫಿಲ್ಟರಿಗೂ ಸಿಗದೆ, ಅಲ್ಲಿ ದುಡಿಯುವವರ ಉಸಿರಿಗೆ ನೇರವಾಗಿ ಸೇರುತ್ತದೆ.

ಯಾವ ಬಾಗಿಲು ಸೋರುತ್ತದೆ ಎಂಬುದಕ್ಕಿಂತ ಯಾವಾಗ ಸೋರುತ್ತದೆ ಎಂಬುದನ್ನು ನಾವು ಮೊದಲು ಗಮನಿಸಿದೆವು. ಕಲ್ಲಿದ್ದಲು ತುಂಬಿದ ಕೂಡಲೇ ಅನಿಲದ ಒತ್ತಡ ಅತಿ ಹೆಚ್ಚಿರುವುದರಿಂದ ತುಸು ಹೊಗೆ ಕಾಣುತ್ತದೆ; ಬಳಿಕ ಆ ಅನಿಲದಲ್ಲಿರುವ ಡಾಂಬರು ಸಣ್ಣ ಸಂದಿಗಳಲ್ಲಿ ಗಟ್ಟಿಯಾಗಿ ಬಾಗಿಲು ತಾನಾಗಿಯೇ ಬಿಗಿಯುತ್ತದೆ. ಬಹಳ ಹೊತ್ತಾದ ಮೇಲೂ ಹೊಗೆ ನಿಲ್ಲದಿದ್ದರೆ ದೋಷ ಬಾಗಿಲಿನಲ್ಲೋ ಅದರ ಚೌಕಟ್ಟಿನಲ್ಲೋ ಇದೆಯೆಂದೇ ಅರ್ಥ.

ಬಾಗಿಲಿನ ಸುತ್ತ ಇರುವ ತೆಳುವಾದ ಉಕ್ಕಿನ ಪಟ್ಟಿ ಚೌಕಟ್ಟಿಗೆ ಒತ್ತಿಕೊಂಡು ನಿಂತಾಗಲೇ ಅನಿಲ ಒಳಗುಳಿಯುತ್ತದೆ. ಪ್ರತಿ ಸಲ ಕೋಕನ್ನು ಹೊರದೂಡುವಾಗ ಯಂತ್ರದ ಸ್ಕ್ರೇಪರ್ ಆ ಪಟ್ಟಿಯನ್ನು ಕೆರೆಯುತ್ತದೆ ನಿಜ, ಆದರೆ ಅದು ನೇರವಾದ ಬದಿಗಳನ್ನು ಚೊಕ್ಕಗೊಳಿಸಿ ಕೆಳಗಿನ ಮೂಲೆಗಳನ್ನು ಹಾಗೆಯೇ ಬಿಟ್ಟುಬಿಡುತ್ತಿತ್ತು. ಅಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ಡಾಂಬರು ಬೆರಳಗಲವೂ ಇರುತ್ತಿರಲಿಲ್ಲ. ಪಟ್ಟಿಯನ್ನು ಚೌಕಟ್ಟಿನಿಂದ ಎತ್ತಿ ಹಿಡಿಯಲು ಅಷ್ಟೇ ಸಾಕಾಗಿತ್ತು. ಬಾಗಿಲು ಹೊರಗಿರುವ ಆ ಕೆಲವೇ ನಿಮಿಷಗಳಲ್ಲಿ ಉದ್ದ ಹಿಡಿಯ ಕೈ ಸ್ಕ್ರೇಪರಿನಿಂದ ಮೂಲೆಗಳನ್ನು ಕೆರೆಯುವುದನ್ನು ಪಾಳಿಯ ಕಡ್ಡಾಯ ಕೆಲಸವನ್ನಾಗಿ ಮಾಡಿದೆವು. ಶಾಖಕ್ಕೆ ಒಂದೊಂದು ಚೌಕಟ್ಟೂ ಒಂದೊಂದು ರೀತಿ ಬಾಗಿರುವುದರಿಂದ, ಆದಷ್ಟು ಮಟ್ಟಿಗೆ ಆಯಾ ಓವನ್ನಿನ ಬಾಗಿಲನ್ನು ಅದಕ್ಕೇ ಮರಳಿ ಕೂರಿಸಿ, ಪಟ್ಟಿಯ ಸ್ಪ್ರಿಂಗುಗಳನ್ನು ಆ ಬಾಗಿಗೆ ತಕ್ಕಂತೆ ಹೊಂದಿಸಿದೆವು. ದೊಡ್ಡ ಉಪಕರಣಗಳ ಖರೀದಿಗಿಂತ ಈ ಕೆಲಸವೇ ಹೆಚ್ಚು ಫಲ ಕೊಟ್ಟಿತೆಂಬುದು ನನ್ನ ಅಭಿಪ್ರಾಯ.

ಅನಿಲ ಸಂಗ್ರಹಿಸುವ ಮುಖ್ಯ ಕೊಳವೆಯ ಒತ್ತಡವನ್ನೇ ಇಳಿಸಿಬಿಡೋಣ ಎಂಬ ಸಲಹೆ ಆಗಾಗ ಬರುತ್ತಿತ್ತು. ಹಾಗೆ ಮಾಡಿದರೆ ಹೊಗೆಯೇನೋ ಕೂಡಲೇ ಕಡಿಮೆಯಾಗುತ್ತದೆ. ಆದರೆ ಬೇಯುವಿಕೆಯ ಕೊನೆಗೆ ಅನಿಲ ಕ್ಷೀಣಿಸಿದಾಗ ಬಾಗಿಲಿನ ಬುಡದಲ್ಲಿ ಹೊರಗಿನ ಗಾಳಿ ಒಳನುಗ್ಗಿ ಕೋಕ್ ಉರಿಯುತ್ತದೆ, ಒಳಗೋಡೆಯ ಇಟ್ಟಿಗೆಗಳೂ ಹಾಳಾಗುತ್ತವೆ. ಗೋಡೆ ಬಿರುಕು ಬಿಟ್ಟರೆ ಹಸಿ ಅನಿಲ ಗೋಡೆಯಾಚೆ ಓವನ್ನನ್ನು ಕಾಯಿಸುವ ಉರಿಗೂಡಿಗೆ ನುಗ್ಗಿ ಚಿಮಣಿಯೇ ಕಪ್ಪು ಹೊಗೆ ಉಗುಳತೊಡಗುತ್ತದೆ. ಪ್ರತಿ ಓವನ್ನಿನ ಒತ್ತಡವನ್ನು ಪ್ರತ್ಯೇಕವಾಗಿ ನಿಯಂತ್ರಿಸುವ ವ್ಯವಸ್ಥೆ ಇದ್ದಲ್ಲಿ ಮಾತ್ರ ಈ ಇಕ್ಕಟ್ಟು ತಪ್ಪುತ್ತದೆ.

ಕಲ್ಲಿದ್ದಲು ತುಂಬುವಾಗಿನ ಹೊಗೆಯನ್ನು, ಓವನ್ನಿನಿಂದ ಮುಖ್ಯ ಕೊಳವೆಗೆ ಅನಿಲ ಒಯ್ಯುವ ಬಾಗಿದ ಕೊಳವೆಯಾದ ಗೂಸ್‌ನೆಕ್‌ನಲ್ಲಿ ಅಮೋನಿಯಾ ದ್ರಾವಣವನ್ನು ಅಧಿಕ ಒತ್ತಡದಲ್ಲಿ ಸಿಂಪಡಿಸಿ ಒಳಕ್ಕೆ ಎಳೆದುಕೊಳ್ಳಬಹುದು. ಇಂಗಾಲ ಕಟ್ಟಿಕೊಂಡ ಗೂಸ್‌ನೆಕ್‌ನಲ್ಲಿ ಆ ಸೆಳೆತ ಹುಟ್ಟುವುದಿಲ್ಲ. ಆದ್ದರಿಂದ ಅದರ ಶುಚಿಯನ್ನೂ ಬಾಗಿಲುಗಳ ದಿನವಹಿ ತಪಾಸಣೆಯ ಪುಸ್ತಕದಲ್ಲೇ ಬರೆಸಿದೆವು. ಸತತವಾಗಿ ಸೋರುವ ಬಾಗಿಲನ್ನು ಮುಂದಿನ ಪಾಳಿಗೆ ದಾಟಿಸದೆ, ಅದರ ಬದಲು ಬೇರೊಂದನ್ನು ಕೂರಿಸಿ, ದುರಸ್ತಿಗೆ ಇಳಿಸುವ ಅಧಿಕಾರವನ್ನು ಪಾಳಿಯ ಮೇಲ್ವಿಚಾರಕರಿಗೇ ಕೊಡಲಾಯಿತು.